ಗಾಳಿಯಣ್ಣ ಟಾಟಾ ಮಾಡಿದ ಮೇಲೆ

ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ತಮ್ಮ ಕಚೇರಿ ಶಾಲೆಗಳಿಗೆ ಹಂಚಿದ ‘ಗಾಳಿಯಣ್ಣ ಬಂದ’ ಎಂಬ ಬಣ್ಣದ ಪುಸ್ತಕ ಒಂದು ಮಗುವನ್ನು ಕೊಂದಿದೆ. ಅದನ್ನೇ ಈಗ ಮರುಮುದ್ರಣ ಮಾಡಿಸುತ್ತಿದ್ದೀರಂತೆ. ಅದಕ್ಕೇ ಈ ಪತ್ರ.

ಪುಸ್ತಕ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಚಂಡಮಾರುತಕ್ಕೆ ಗುಂಡು ಕೆನ್ನೆ, ನಗುಮುಖ. ಕೊನೆಯ ಪುಟದಲ್ಲಿ ಅವನು ಟಾಟಾ ಮಾಡುತ್ತಾನೆ. ‘ಗಾಳಿ ನಿಂತಿತು, ಗಾಳಿಯಣ್ಣ ಮನೆಗೆ ಹೋದ’ ಎಂದು ಮಕ್ಕಳು ಅಂಗಳದಲ್ಲಿ ಕುಣಿಯುತ್ತಾರೆ. ಚಂಡಮಾರುತದ ನಡುವೆ ಒಂದು ಕಣ್ಣಿರುತ್ತದೆ, ಅದು ನೆತ್ತಿಯ ಮೇಲೆ ಬಂದಾಗ ಗಾಳಿ ನಿಲ್ಲುತ್ತದೆ, ಆಮೇಲೆ ಎದುರು ದಿಕ್ಕಿನಿಂದ ಮತ್ತೆ ಬಂದು ಅಪ್ಪಳಿಸುತ್ತದೆ ಎಂಬುದು ತಮ್ಮ ಇಲಾಖೆಗೆ ಗೊತ್ತಿಲ್ಲವೇ? ಅಥವಾ ಗೊತ್ತಿದ್ದೂ, ಬರೆದರೆ ಚಿತ್ರದ ಅಂದ ಕೆಡುತ್ತದೆ ಎನ್ನಿಸಿತೇ?

ಚಂಡಮಾರುತ ಬಂದ ದಿನ ನಾವು ಬಚ್ಚಲುಮನೆಯಲ್ಲಿ ಹಾಸಿಗೆ ಹೊದ್ದು ಕೂತಿದ್ದೆವು. ಅಡುಗೆಮನೆಯ ಮೇಲಿನ ತಗಡು ಮೊಳೆ ಸಮೇತ ಕಿತ್ತು ಹಾರಿಹೋಯಿತು. ಕಿಟಕಿಯ ಗಾಜು ಚೂರುಚೂರಾಗಿ ಎದುರು ಗೋಡೆಗೆ ನೆಟ್ಟುಕೊಂಡಿತು. ಇದ್ದಕ್ಕಿದ್ದಂತೆ ಎಲ್ಲ ಸ್ತಬ್ಧ. ನನ್ನ ಆರು ವರ್ಷದ ಮಗಳು ಎದ್ದು ನಿಂತಳು.

“ಅಮ್ಮಾ, ಗಾಳಿಯಣ್ಣ ಟಾಟಾ ಮಾಡ್ದ. ಬಾಗ್ಲು ತೆಗಿ.”

“ಬಾಯ್ಮುಚ್ಕೊಂಡು ಕೂತ್ಕೊ.”

“ನಿಂಗೇನೂ ಗೊತ್ತಿಲ್ಲ. ಪುಸ್ತಕದಲ್ಲಿದೆ.”

ಜಡೆ ಹಿಡಿದೆಳೆದು ಕೂರಿಸಿದೆ. ರಕ್ತ ಬರುವಂತೆ ಕೈ ಕಚ್ಚಿದಳು. ಬಿಡಲಿಲ್ಲ.

ಪಕ್ಕದ ಮನೆಯ ಟೈಲರ್ ಮಗಳು, ಇವಳದೇ ತರಗತಿಯವಳು, ಬೀದಿಗೆ ಓಡಿದಳು. ಅವಳು ಟಾಟಾ ಎಂದು ಕೂಗಿದ್ದು ನಮಗೂ ಕೇಳಿಸಿತು. ಅಷ್ಟರಲ್ಲಿ ಗಾಳಿ ಆ ಕಡೆಯಿಂದ ನುಗ್ಗಿತು. ಹಾರಿಹೋಗಿದ್ದ ನಮ್ಮ ಅಡುಗೆಮನೆಯ ತಗಡೇ ತಿರುಗಿ ಬಂದು ಅವಳ ಕುತ್ತಿಗೆಗೆ ಬಡಿಯಿತು. ಅವಳಪ್ಪ ತೆವಳಿ ಹೋಗಿ, ಮಗುವನ್ನು ಮೈಯಡಿ ಮುಚ್ಚಿಕೊಂಡು, ಗಾಳಿ ಮುಗಿಯುವ ತನಕ ರಸ್ತೆಯಲ್ಲೇ ಬಿದ್ದಿದ್ದರು. ಮುಚ್ಚಿ ಕಾಯುವುದಕ್ಕೆ ಅಲ್ಲಿ ಜೀವ ಉಳಿದಿರಲಿಲ್ಲ.

ಈಗ ಅವರು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಾರೆ. ನನ್ನನ್ನು ಕಂಡರೆ ಒಂದೇ ಮಾತು: “ಅಕ್ಕಾ, ಆ ಪುಟ ನಾನೇ ಓದಿ ಹೇಳಿದ್ದೆ.”

ನಾನು ದೂರು ಹೇಳಲು ತಮ್ಮ ಬಳಿ ಬಂದಾಗ ತಾವು ಹೇಳಿದ್ದು: “ನೋಡಮ್ಮ, ಮಕ್ಳಿಗೆ ಭಯ ಹುಟ್ಟಿಸ್ಬಾರ್ದು.” ಸರಿ ಸ್ವಾಮಿ. ಭಯವೇ ಹುಟ್ಟದ ಮಗುವನ್ನು ನಾವು ಮಣ್ಣು ಮಾಡಿ ಬಂದಿದ್ದೇವೆ. ಬದುಕಿ ಉಳಿದವಳು ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಮಂಚದಡಿ ತೂರಿಕೊಂಡು “ತಿರುಗ್ತಿದಾನೆ, ಬರ್ತಾನೆ” ಅನ್ನುತ್ತಾಳೆ. ಆಮೇಲೆ ನನಗೆಲ್ಲಿಯ ನಿದ್ದೆ?

ಮರುಮುದ್ರಣ ನಿಲ್ಲಿಸಿ. ಆ ಕೊನೆಯ ಪುಟ ಕಿತ್ತುಹಾಕಿ, ದಪ್ಪ ಅಕ್ಷರದಲ್ಲಿ ಇಷ್ಟು ಅಚ್ಚು ಹಾಕಿಸಿ: ‘ಗಾಳಿ ನಿಂತರೆ ಬಾಗಿಲು ತೆಗೆಯಬೇಡ. ಅದು ಹೋಗಿಲ್ಲ. ಎರಡನೇ ಸಲ ಬರುತ್ತದೆ. ದೊಡ್ಡವರು ಹೇಳುವ ತನಕ ಒಳಗೇ ಇರು.’ ಕೆಳಗೊಂದು ಮುದ್ದಾದ ಚಿತ್ರ ಬೇಕೇ ಬೇಕೆಂದರೆ ಟೈಲರ್ ಮನೆಯ ಗೋಡೆಯ ಮೇಲಿದೆ. ಅಪ್ಪನೇ ಹೊಲಿದ ಯೂನಿಫಾರ್ಮಿನಲ್ಲಿ ನಗುತ್ತಿದ್ದಾಳೆ. ಬಂದು ಕೇಳಿ, ಕೊಡುತ್ತಾರೆ.

ಇಂತಿ,
ಮಗಳ ಜಡೆಯನ್ನು ಇನ್ನೂ ಬಿಡಲಾಗದ ತಾಯಿ