ಲುವಾ ಅಕ್ಕನ ಮನೆಯ ಗದ್ದಲ

ಬುಯ್ ವಿಯೆನ್ ಬೀದಿ, ಸೈಗಾನ್
೧೨ ನವೆಂಬರ್ ೨೦೧೮

ಪ್ರೀತಿಯ ಲುವಾ ಅಕ್ಕನಿಗೆ,

ತಂಗಿ ಮಿಯೆನ್ ಮಾಡುವ ನಮಸ್ಕಾರ. ನಿನ್ನ ಮಂಡಿನೋವು ಈಗ ಹೇಗಿದೆ? ಮೊಮ್ಮಗಳಿಗೆ ಹಲ್ಲು ಮೂಡಿತೆಂದು ಓದಿ ಸಂತೋಷವಾಯಿತು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬರೆದದ್ದನ್ನು ಹರಿದು ಹಾಕಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಕಿರುಚುತ್ತೇನೆ, ನೀನು ಅಳುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ಮಗಳ ಕಡೆಯ ಹೊಸ ಬೀಗರು ಹುವೆ ಪಟ್ಟಣದಿಂದ ಬರುತ್ತಿದ್ದಾರೆ ಎಂದು ಬರೆದಿದ್ದೀಯ. ನಮ್ಮ ಬೀದಿಯ ಹೆಸರು ಅಲ್ಲಿಯವರೆಗೂ ಮುಟ್ಟಿದೆಯಂತೆ. ಒಂದು ಶನಿವಾರ ಸಂಜೆ ಅವರನ್ನು ಕರೆದುಕೊಂಡು ಬರುತ್ತೀಯಂತೆ, ನಾನು ಮಾಳಿಗೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಡಬೇಕಂತೆ, ಮೇಲಿಂದ ನೋಡಿದರೆ ದೀಪ, ಕುಣಿತ ಎಲ್ಲ ಚೆನ್ನಾಗಿ ಕಾಣುತ್ತದಂತೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: "ಡಾಟ್ ಬಹಳ ನೊಂದಿದ್ದಾನೆ, ಅವನನ್ನು ಕಂಡು ತಪ್ಪಾಯಿತು ಅಂದುಬಿಡು, ನಿನ್ನ ಗಂಟೇನು ಹೋಗುತ್ತದೆ?"

ಅಕ್ಕಾ, ಅದನ್ನು ಓದಿ ಕಾಗದವನ್ನು ಮುದುರಿ ಮೂಲೆಗೆಸೆದೆ. ಸಿಟ್ಟು ಅಷ್ಟಿತ್ತು.

ನಾನು ಕರೆಂಟು ತೆಗೆದೆ ಎಂದು ನಿನ್ನ ಬಾಡಿಗೆದಾರ ಡಾಟ್ ನಿನಗೆ ಹೇಳಿದ್ದಾನೆ. ಹೌದು, ತೆಗೆದೆ. ಏಕೆ ತೆಗೆದೆ ಎಂದು ಹೇಳಿದನೇ? ನೀನು ಕೇಳಿದೆಯಾ?

ನಮ್ಮವರ ಅಂತ್ಯಕ್ರಿಯೆಗೆ ನೀನು ಬರಲಿಲ್ಲ ಎಂದು ನಾನು ಯಾರ ಮುಂದೂ ಆಡಿಲ್ಲ. ಬಂದೆ. ಶನಿವಾರ ಬೆಳಿಗ್ಗೆಯೇ ನೀನು ಬಂದೆ. ಶವಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿದೆ, ನನ್ನ ತಲೆಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಸರಿಮಾಡಿದೆ, ನಿಜವಾಗಿಯೂ ಅತ್ತೆ. ಹೊರಗೆ ಬೀದಿ ಖಾಲಿ ಇತ್ತು, ಕಸ ಗುಡಿಸುವವರು ಬಾಟಲಿಗಳನ್ನು ಆರಿಸುತ್ತಿದ್ದರು. "ಎಷ್ಟು ಶಾಂತವಾಗಿದೆ ನೋಡು, ಕಾಂಗ್‌ನ ಪುಣ್ಯ" ಎಂದು ನೀನೇ ನಮ್ಮವರನ್ನು ನೆನೆದೆ. ಮಧ್ಯಾಹ್ನದ ಬಿಸಿಲಿಗೆ ಮುಂಚೆ ನದಿಯಾಚೆಗೆ ನಿನ್ನ ಹೊಸ ಮನೆಗೆ ಹೊರಟೆ. ಅಕ್ಕಾ, ಬೆಳಗಿನ ಹೊತ್ತು ನಮ್ಮ ಬೀದಿ ಹಾಲು ಕುಡಿದು ಮಲಗಿದ ಕೂಸು. ಅದನ್ನು ನೋಡಿಕೊಂಡು ಹೋದವಳು ನೀನು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಿನ್ನ ಮನೆ ಶುರುವಾಯಿತು.

ನಿನ್ನ ಮನೆ ಅಂತಲೇ ಬರೆಯುತ್ತೇನೆ. ನೀನು ಅಕ್ಕಿ ಬೇಯಿಸುತ್ತಿದ್ದ ಜಾಗದಲ್ಲಿ ಈಗ ಬಾರಿನ ಧ್ವನಿಪೆಟ್ಟಿಗೆ ನನ್ನೆತ್ತರಕ್ಕೆ ನಿಂತಿದೆ. ನಮಗೂ ನಿಮಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಮೊದಲು ಆ ಗೋಡೆಯಾಚೆ ನೀನು ಕೆಮ್ಮಿದರೆ ನಾನು ಶುಂಠಿ ಜಜ್ಜುತ್ತಿದ್ದೆ. ಆ ಸಂಜೆ ಅದೇ ಗೋಡೆ ಗುದ್ದಿದ ಗುದ್ದಿಗೆ ಪೂಜೆಯ ಮೇಜಿನ ಮೇಲಿದ್ದ ನಮ್ಮವರ ಪಟ ಸರಿಯುತ್ತಾ ಸರಿಯುತ್ತಾ ಅಂಚಿಗೆ ಬಂತು. ನನ್ನ ಮಗ ಹುವಾನ್ ಅದನ್ನು ಹಿಡಿದುಕೊಂಡೇ ಕೂತ.

ನಾನು ಎದ್ದು ಡಾಟ್‌ನ ಹತ್ತಿರ ಹೋದೆ. ಸದ್ದು ಕಮ್ಮಿ ಮಾಡೆಂದು ಕೈ ಜೋಡಿಸಿ ಕೇಳಿದೆ.

"ಚಿಕ್ಕಮ್ಮ, ನನಗೂ ದುಃಖ ಆಗಿದೆ. ಹೂವಿನ ಚಕ್ರ ಕಳಿಸಿದ್ದೀನಲ್ಲ?" ಅಂದ. "ಆದರೆ ಇವತ್ತು ಶನಿವಾರ. ನಾನು ಕಮ್ಮಿ ಮಾಡಿದ್ರೆ ಎದುರಿನವರ ಸದ್ದು ನನ್ನ ಬಾರಿನೊಳಗೆ ನುಗ್ಗುತ್ತೆ, ಗಿರಾಕಿಗಳೆಲ್ಲ ಎದ್ದು ಅಲ್ಲಿಗೇ ಹೋಗ್ತಾರೆ. ಅವರು ಕಮ್ಮಿ ಮಾಡ್ಲಿ, ಆ ಗಳಿಗೆಯಲ್ಲೇ ನಾನೂ ಮಾಡ್ತೀನಿ."

ಜನರ ನಡುವೆ ತೂರಿಕೊಂಡು ಎದುರಿನ ಬಾರಿಗೆ ಹೋದೆ. ಅಲ್ಲಿ ನೋಡಿಕೊಳ್ಳುವವಳು, ತುಟಿಗೆ ಗಾಢ ಬಣ್ಣ ಹಚ್ಚಿದವಳು, "ಮೊದ್ಲು ಆ ಡಾಟ್ ಮಾಡ್ಲಿ ಅಜ್ಜಿ. ಹಿಂದೆ ಒಂದ್ಸಲ ನಾನು ಕಮ್ಮಿ ಮಾಡಿ ಬೆಪ್ಪಾಗಿದ್ದೀನಿ" ಅಂದಳು. ಅದರ ಪಕ್ಕದವನು, "ನಮ್ಮದು ಸದ್ದೇ ಅಲ್ಲ, ನಿಮಗೆ ಕೇಳ್ತಿರೋದು ಅವಳದ್ದು" ಅಂದ. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಭಿಕ್ಷೆ ಬೇಡುವವಳಂತೆ ಬಾಗಿಲಿಂದ ಬಾಗಿಲಿಗೆ ಅಲೆದೆ. ಒಂದು ಬಾಗಿಲಲ್ಲಿ ಗಿರಾಕಿ ಕರೆಯುವ ಹುಡುಗಿ ನನ್ನ ಮುಖವನ್ನೂ ನೋಡದೆ ಕೈಗೆ ಚೀಟಿ ತುರುಕಿದಳು: ಒಂದು ಬಿಯರಿಗೆ ಇನ್ನೊಂದು ಉಚಿತ.

ಆಮೇಲೆ ನಿನಗೆ ಫೋನು ಮಾಡಿದೆ. ನಿನ್ನ ಸೊಸೆ ಎತ್ತಿದಳು. "ಅತ್ತೆ ಮಾತ್ರೆ ತಗೊಂಡು ಮಲಗಿದ್ದಾರೆ ಚಿಕ್ಕಮ್ಮ, ಎದ್ದ ಮೇಲೆ ಹೇಳ್ತೀನಿ" ಅಂದಳು. ಹೇಳಿದಳೋ ಇಲ್ಲವೋ, ನೀನೇ ಬಲ್ಲೆ. ನಿನ್ನ ಒಂದು ಮಾತಿಗೆ ಡಾಟ್ ತಲೆ ಬಾಗಿಸುತ್ತಿದ್ದ. ಮನೆ ನಿನ್ನದು, ಅಕ್ಕಾ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಗೋಳು. ಕರೆಸಿದ್ದ ವಾದ್ಯದವರು ಶವದ ಮುಂದೆ ಊದಲು ತೊಡಗಿದ್ದರು. ಇದೂ ಬೀದಿಯ ಮೋಜೇ ಇರಬೇಕೆಂದು ಇಬ್ಬರು ಪರದೇಶದ ಹುಡುಗ ಹುಡುಗಿ, ಕೈಯಲ್ಲಿ ಲೋಟ ಹಿಡಿದುಕೊಂಡೇ, ನಮ್ಮ ಹೊಸಿಲ ಬಳಿ ಕುಣಿಯತೊಡಗಿದರು. ಹಿಂದೆ ಹತ್ತಾರು ಜನ ಫೋನು ಎತ್ತಿ ಹಿಡಿದಿದ್ದರು. ಮುದುಕ ವಾದ್ಯದವನು ಊದುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಏನಮ್ಮಾ, ನಾನು ಹೆಣಕ್ಕೆ ಊದ್ಲೋ, ಇವರ ಕುಣಿತಕ್ಕೆ ಊದ್ಲೋ?" ಅಂದ. ಹುವಾನ್ ಮುಷ್ಟಿ ಕಟ್ಟಿ ಎದ್ದ. ನೆಂಟರು ಅವನ ಎರಡು ರಟ್ಟೆ ಹಿಡಿದು ಕೂರಿಸಿದರು.

ಆಗ ನಾನು ಹಿತ್ತಿಲ ಓಣಿಯಿಂದ ನಿನ್ನ ಮನೆಯ ಹಿಂಬದಿಗೆ ಹೋದೆ. ಕರೆಂಟಿನ ಪೆಟ್ಟಿಗೆ ಹಳೆಯ ಜಾಗದಲ್ಲೇ ಇದೆ. ದೊಡ್ಡ ಸ್ವಿಚ್ಚನ್ನು ಎರಡು ಕೈಯಿಂದ ಕೆಳಗೆಳೆದೆ.

ಒಂದು ಉಸಿರಿನಷ್ಟು ಹೊತ್ತು ನಿಶ್ಶಬ್ದ. ಎದುರಿನವಳೂ ಗಾಬರಿಯಾಗಿ ನಿಲ್ಲಿಸಿರಬೇಕು. ಆಮೇಲೆ ಏನಾಯಿತು ಗೊತ್ತೇ? ಬೀದಿಗೆ ಬೀದಿಯೇ ಹೋ ಎಂದು ಕೇಕೆ ಹಾಕಿತು! ಚಪ್ಪಾಳೆ, ಸಿಳ್ಳೆ, ಫೋನುಗಳ ಬೆಳಕು. ಕತ್ತಲೆಯೂ ಒಂದು ಆಟವೆಂದು ಅವರು ತಿಳಿದರು. ಬೆನ್ನಿಗೆ ದೊಡ್ಡ ಚೀಲ ಹೊತ್ತ ಒಬ್ಬ ನೆರೆಗೂದಲಿನ ಪರದೇಶಿ ಮಾತ್ರ ನಮ್ಮ ಬಾಗಿಲಿಗೆ ಬಂದು, ಮೇಣದ ಬತ್ತಿಯ ಬೆಳಕಿನಲ್ಲಿ ಶವಪೆಟ್ಟಿಗೆ ಕಂಡು, ಟೋಪಿ ತೆಗೆದು ತಲೆ ತಗ್ಗಿಸಿ ನಿಂತನಂತೆ. ಹುವಾನ್ ಹೇಳಿದ. ಯಾವ ದೇಶದವನೋ, ಅವನಿಗೆ ಒಳ್ಳೆಯದಾಗಲಿ. ಬಂದುಹೋಗುವವರ ಮೇಲೆ ನನಗೆ ದ್ವೇಷವಿಲ್ಲ ಅಕ್ಕಾ. ಮೊದಮೊದಲು ಚೀಲ ಹೊತ್ತು ಬಂದವರನ್ನು ನಾವಿಬ್ಬರೇ ನಗುನಗುತ್ತಾ ಕರೆದು ಮಾಳಿಗೆಯ ಕೋಣೆ ಕೊಡಲಿಲ್ಲವೇ? ನಮ್ಮವರು ತಾವು ತುಳಿಯುತ್ತಿದ್ದ ಸೈಕ್ಲೋ ರಿಕ್ಷಾದಲ್ಲಿ ಅವರನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿಸಲಿಲ್ಲವೇ? ಅವರಿಗೆ ಇಲ್ಲಿ ಹೆಣವಿದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದವರು ನಮ್ಮ ಬೀದಿಯವರೇ.

ಡಾಟ್ ಟಾರ್ಚು ಹಿಡಿದು ಓಡಿ ಬಂದ. "ಚಿಕ್ಕಮ್ಮ, ತಲೆ ಕೆಟ್ಟಿದೆಯಾ ನಿಮಗೆ? ಮಷಿನ್ ಸುಟ್ಟುಹೋದ್ರೆ ಯಾರು ಕಟ್ಟಿಕೊಡ್ತಾರೆ?"

"ನಿನ್ನಮ್ಮ ಸತ್ತಾಗಲೂ ಹೀಗೇ ಬಾರಿಸ್ತೀಯೇನೋ?" ಅಂದೆ.

ಅವನು ಟಾರ್ಚು ಕೆಳಗಿಳಿಸಿದ. "ಅಮ್ಮ ಹೋದ ದಿನವೂ ನಾನು ಇಲ್ಲೇ ಕೆಲಸದ ಮೇಲಿದ್ದೆ ಚಿಕ್ಕಮ್ಮ" ಅಂದು, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸ್ವಿಚ್ಚನ್ನು ಮೇಲೆತ್ತಿದ.

ನಾನು ಮನೆಗೆ ಬಂದು ಪಟದ ಮುಂದೆ ಕೂತೆ. ಹಾಗೆಂದು ಸಿಟ್ಟು ಇಳಿಯಿತೆಂದು ತಿಳಿಯಬೇಡ. ಅದು ಅವನಿಂದ ಎದ್ದು ನಿನ್ನ ಮೇಲೆ ಬಂದು ಕೂತಿದೆ. ಅವನು ಬಾಡಿಗೆ ಕಟ್ಟಿ ಹೊಟ್ಟೆ ಹೊರೆಯುವವನು. ನೀನು ಯಾರು? ನನ್ನ ಹೆರಿಗೆಯಲ್ಲಿ ಬಿಸಿನೀರು ಕಾಯಿಸಿದವಳು. ಹುವಾನ್‌ಗೆ ಹೆಸರಿಟ್ಟವಳು. ಪಕ್ಕದಲ್ಲಿ ಒಂದು ಜೀವ ಹಾಸಿಗೆ ಹಿಡಿದಿದೆ ಎಂದು ಗೊತ್ತಿದ್ದೂ ಆ ಬಾಡಿಗೆ ಕರಾರಿಗೆ ರುಜು ಹಾಕಿದವಳು.

ಭಾನುವಾರ ಸೂರ್ಯ ಮೂಡುವಾಗ ನಮ್ಮವರನ್ನು ಎತ್ತಿದರು. ಬೀದಿ ಮಲಗಿತ್ತು. ಹೊತ್ತವರ ಕಾಲಡಿಯಲ್ಲಿ ಗಾಜಿನ ಚೂರು ಕರಕರ ಅನ್ನುತ್ತಿತ್ತು. ಒಬ್ಬನ ಚಪ್ಪಲಿ ತೂರಿ ರಕ್ತ ಬಂದರೂ ಅವನು ಹೆಗಲು ಬದಲಿಸಲಿಲ್ಲ.

ಈಗ ನಿನ್ನ ಕಾಗದಕ್ಕೆ ಉತ್ತರ. ಡಾಟ್‌ನ ಬಳಿ ತಪ್ಪಾಯಿತು ಅನ್ನುವುದಿಲ್ಲ. ನಿನ್ನ ಬೀಗರಿಗೆ ಬಾಲ್ಕನಿಯನ್ನೂ ಕೊಡುವುದಿಲ್ಲ. ಕುಣಿತ ನೋಡಬೇಕಾದರೆ ನಿನ್ನದೇ ಬಾರಿದೆ, ಅಲ್ಲಿ ಕುರ್ಚಿಗಳಿಗೇನು ಬರವೇ? ನಾವೂ ಕೆಳಗಿನ ಕೋಣೆ ಬಾರಿನವರಿಗೆ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋಗೋಣ ಅಮ್ಮಾ ಎಂದು ಹುವಾನ್ ಹೇಳುತ್ತಾನೆ. ಆಗ ನಮ್ಮ ಗೋಡೆ ಇನ್ನೊಬ್ಬರ ಮಂಚವನ್ನು ಗುದ್ದುತ್ತದೆ. ಆಗುವುದಿಲ್ಲ ಅಂದೆ.

ಟೆಟ್ ಹೊಸವರ್ಷದ ಹಬ್ಬ ಕಳೆದ ಮೇಲೆ ಡಾಟ್‌ನ ಕರಾರು ಮುಗಿಯುತ್ತದಂತೆ. ಮತ್ತೆ ರುಜು ಹಾಕುವ ಮುಂಚೆ ಒಂದು ಶನಿವಾರ ಸಂಜೆ ನೀನೊಬ್ಬಳೇ ಬಾ. ಮುಂದಿನ ಕೋಣೆಯಲ್ಲಿ, ನಮ್ಮವರ ಮಂಚವಿದ್ದ ಕಡೆ, ಆ ಗೋಡೆಗೆ ಬೆನ್ನು ಕೊಟ್ಟು ಕೂತುಕೋ. ಊಟ ಹಾಕುತ್ತೇನೆ, ನಿನಗಿಷ್ಟವಾದ ಹುಣಸೆಹುಳಿಯ ಮೀನು ಮಾಡುತ್ತೇನೆ. ಮಾತಾಡುವುದಿಲ್ಲ, ಆಡಿದರೂ ನಿನಗೆ ಕೇಳಿಸುವುದಿಲ್ಲ. ಎದ್ದ ಮೇಲೂ ನೀನು "ತಪ್ಪಾಯಿತು ಅನ್ನು" ಎಂದರೆ, ಆಗ ಅನ್ನುತ್ತೇನೆ.

ದೊಡ್ಡವಳಾದ ನಿನ್ನನ್ನು ನಾನು ಹರಸಬಾರದು. ಮೊಮ್ಮಗಳು ನೂರು ಕಾಲ ಬಾಳಲಿ, ಅವಳು ಮಲಗುವ ಮನೆ ತಣ್ಣಗಿರಲಿ. ಮಂಡಿಗೆ ಎಣ್ಣೆ ತಿಕ್ಕಿಸಿಕೋ, ಮೆಟ್ಟಿಲು ಹತ್ತಬೇಡ.

ಸಿಟ್ಟಾಗಿದ್ದರೂ ನಿನ್ನವಳೇ ಆದ,
ಮಿಯೆನ್

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಹುವಾನ್‌ಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಶುಕ್ರವಾರ ಸಂಜೆ, ಜೀವ ಹೋಗುವ ಮುಂಚೆ, ನಮ್ಮವರು ಕಣ್ಣು ಬಿಟ್ಟು ನನ್ನನ್ನು ಕರೆದರು. ಏನೋ ಹೇಳಿದರು. ಒಂದೆರಡು ಮಾತಲ್ಲ ಅಕ್ಕಾ, ನಿಲ್ಲಿಸಿ ನಿಲ್ಲಿಸಿ ಬಹಳ ಹೊತ್ತು ಹೇಳಿದರು. ಅವರ ತುಟಿಗೆ ಕಿವಿ ಒತ್ತಿಕೊಂಡೆ. ಗೋಡೆಯಾಚೆಯ ಬಡಿತವಲ್ಲದೆ ಒಂದಕ್ಷರವೂ ಕೇಳಲಿಲ್ಲ. ಹೇಳಿ ಮುಗಿಸಿ, ನನಗೆ ತಿಳಿಯಿತೇ ಎಂದು ಮುಖ ನೋಡಿದರು. ಇನ್ನೊಮ್ಮೆ ಹೇಳಲು ಅವರಲ್ಲಿ ಉಸಿರಿರಲಿಲ್ಲ. ನಾನು ಹೂಂ ಎಂದು ತಲೆಯಾಡಿಸಿದೆ. ಅವರಿಗೆ ಸಮಾಧಾನವಾಯಿತು, ಕಣ್ಣು ಮುಚ್ಚಿದರು. ಯಾವುದಕ್ಕೆ ಹೂಂ ಅಂದೆ, ಲುವಾ ಅಕ್ಕಾ?