ಮೂರು ಬೆರಳು ಬಿಗಿ

ಜನವರಿ 12, ಸೋಮವಾರ
ಅಂಗಡಿಯಿಂದ, ಮಧ್ಯಾಹ್ನ

ಅಕ್ಕಾ,

ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಮೊದಲು "ಮೇಡಂ" ಎಂದು ಬರೆದೆ, ಬ್ಯಾಂಕಿಗೆ ಅರ್ಜಿ ಹಾಕಿದ ಹಾಗಾಯಿತು. ಹೆಸರು ಹಿಡಿದು ಬರೆಯೋಣವೆಂದರೆ ನೀವು ನನಗಿಂತ ಆರು ವರ್ಷ ದೊಡ್ಡವರು. ಬೇಡವೆನಿಸಿದರೆ ಆ ಒಂದು ಪದದ ಮೇಲೆ ಗೀಟು ಎಳೆದು ಮುಂದೆ ಓದಿ.

ಕಾಗದ ನೋಡಿ ನಗಬೇಡಿ, ಇದು ಅಂಗಡಿಯ ಅಳತೆ ಪುಸ್ತಕದ ಹಾಳೆ. ಅಂಚಿನಲ್ಲಿ "ಎದೆ, ಸೊಂಟ, ತೋಳು, ಉದ್ದ" ಎಂದು ಅಚ್ಚಾಗಿರುವುದಕ್ಕೂ ನಾನು ಬರೆಯುವುದಕ್ಕೂ ಸಂಬಂಧವಿಲ್ಲ ಎನ್ನಲು ಹೊರಟಿದ್ದೆ. ಯೋಚಿಸಿದರೆ ಇದೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ತಮ್ಮಂದಿರನ್ನು ಎತ್ತಿಕೊಳ್ಳಲು ಮನೆಯಲ್ಲಿ ಜನ ಬೇಕಿತ್ತು. ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಿಮ್ಮ ಪತ್ರ ಗುರುವಾರ ಬಂತು. ಗುಬ್ಬಿಗೆ ನೀವು ಕಳಿಸಿದ ಕ್ರಿಸ್ಮಸ್ ಫ್ರಾಕು ಬಿಗಿಯಾಗಿತ್ತಂತೆ, ನಾನು ಬಿಚ್ಚಿ ಸರಿ ಮಾಡಿಕೊಟ್ಟೆನಂತೆ, ಫೋನಿನಲ್ಲಿ ಅವಳ ಬಾಯಿಂದ ಹೇಗೋ ಹೊರಬಿತ್ತಂತೆ. ಅದಕ್ಕೆ ನನಗೆ ಉಪಕಾರ ಹೇಳಿದ್ದೀರಿ. "ಹೆತ್ತ ಮಗಳ ಅಳತೆಯೇ ನನ್ನ ಕೈತಪ್ಪಿ ಹೋಗಿದೆ. ಇನ್ನು ಮೇಲೆ ಅವಳ ಬಟ್ಟೆ ನೀವೇ ಹೊಲಿಯಿರಿ. ನಾನು ಪುಸ್ತಕವೋ ಆಟದ ಸಾಮಾನೋ ಕಳಿಸುತ್ತೇನೆ" ಎಂದು ಬರೆದಿದ್ದೀರಿ. ಅದನ್ನು ಹೊಲಿಗೆ ಮಿಶನ್ನಿನ ಡ್ರಾಯರಿನಲ್ಲಿಟ್ಟುಕೊಂಡು ನಾಲ್ಕು ದಿನದಿಂದ ತೆಗೆದು ತೆಗೆದು ಓದುತ್ತಿದ್ದೇನೆ. ನಿಮ್ಮ ಅಳತೆ ತಪ್ಪಿರಲಿಲ್ಲ, ಅಕ್ಕಾ. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟೇ ಹೇಳಿ ನಿಲ್ಲಿಸುವ ಧೈರ್ಯ ನನಗಿಲ್ಲ, ಮೊದಲಿನಿಂದ ಹೇಳಿಬಿಡುತ್ತೇನೆ.

"ನಮ್ಮ ಮನೆಯವರು" ಎಂದು ನಿಮಗೆ ಬರೆಯಲು ಕೈ ಓಡುವುದಿಲ್ಲ. ಒಂದು ಕಾಲಕ್ಕೆ ನಿಮಗೂ ಅವರೇ ಮನೆಯವರು. ಗುಬ್ಬಿಯ ಅಪ್ಪ ಎಂದೇ ಬರೆಯುತ್ತೇನೆ. ನೀವಿಬ್ಬರೂ ಬೇರೆಯಾಗಿ ಎರಡು ವರ್ಷದ ಮೇಲೆ ನಾನು ಆ ಮನೆಗೆ ಬಂದವಳು, ನಿಮ್ಮ ಸಂಸಾರ ಮುರಿದದ್ದರಲ್ಲಿ ನನ್ನ ಕೈಯಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೋ, ನೀವು ಕೇಳಿಯೇ ಇಲ್ಲ.

ಡಿಸೆಂಬರ್ ಎರಡನೇ ವಾರ ಗುಬ್ಬಿಯ ಅಪ್ಪ ಸ್ಟೂಲು ಹತ್ತಿ ಅಟ್ಟದಿಂದ ಕ್ರಿಸ್ಮಸ್ ಮರದ ಅಲಂಕಾರ ತುಂಬಿದ ನಿಮ್ಮ ರಟ್ಟಿನ ಪೆಟ್ಟಿಗೆ ಇಳಿಸುತ್ತಾರೆ. ದಿನಾ ಇಪ್ಪತ್ತು ಮಹಡಿಯ ಲಿಫ್ಟಿನ ಗುಂಡಿಯೊಳಗೆ ಇಳಿದು ರಿಪೇರಿ ಮಾಡುವ ಮನುಷ್ಯ, ಆದರೂ ಆ ಸ್ಟೂಲು ಅಲ್ಲಾಡಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಪೆಟ್ಟಿಗೆಯೊಳಗೆ ಮೂವತ್ತೆಂಟು ಪೊಟ್ಟಣ. ಒಂದೊಂದನ್ನೂ ಹಳೆ ಪೇಪರಿನಲ್ಲಿ ಸುತ್ತಿ, ಒಂದೊಂದಕ್ಕೂ ನಿಮ್ಮ ದುಂಡು ಅಕ್ಷರದ ಚೀಟಿ. "ಗಾಜಿನ ಹಕ್ಕಿ: ಮೇಲಿನಿಂದ ಎರಡನೇ ಕೊಂಬೆ, ಬಾಲ ಕಿಟಕಿ ಕಡೆಗೆ." "ದೊಡ್ಡ ಗಂಟೆ: ಗೋದಲಿಯ ಮೇಲೆ ಬೇಡ, ಬಿದ್ದರೆ ಕುರಿ ಹೋಯಿತು." ನೀವು ಹೋಗಿ ನಾಲ್ಕು ವರ್ಷವಾದರೂ ನಮ್ಮ ಹಾಲಿನ ಮಧ್ಯೆ ನಿಂತು ಎಲ್ಲರಿಗೂ ಕೆಲಸ ಹೇಳುತ್ತಲೇ ಇದ್ದೀರಿ. ಗುಬ್ಬಿ ಕುರ್ಚಿಯ ಮೇಲೆ ನಿಂತು ಚೀಟಿ ಓದುತ್ತಾಳೆ, ನಾನು ತಂದು ಕೊಡುತ್ತೇನೆ. ಈ ಸಲ ಬೇಕೆಂದೇ ಹಕ್ಕಿಯನ್ನು ಕೆಳಗಿನ ಕೊಂಬೆಗೆ ಸಿಕ್ಕಿಸಿದೆ. "ಆಂಟೀ, ಅಲ್ಲಲ್ಲ, ಎರಡನೇದು. ಬಾಲ ಆ ಕಡೆ" ಅಂದಳು. "ಇಲ್ಲೂ ಚೆನ್ನಾಗೇ ಕಾಣ್ಸತ್ತಲ್ಲೇ" ಅಂದೆ. ಅವಳ ಅಪ್ಪ ದೀಪದ ಸರದ ಸಿಕ್ಕು ಬಿಡಿಸುತ್ತ, "ಅವಳು ಹೇಳ್ದಂಗೆ ಹಾಕ್ಬಿಡು ಮಾರಾಯ್ತಿ, ಬೇಗ ಮುಗಿಯತ್ತೆ" ಅಂದರು. ಅವಳು ಎಂದರೆ ಗುಬ್ಬಿಯೋ ನೀವೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ.

ಅಂಗಡಿಯಲ್ಲಿ ಉಳಿದ ಚೂರುಬಟ್ಟೆ ಸೇರಿಸಿ ನಾನೂ ಒಂದು ನಕ್ಷತ್ರ ಹೊಲಿದಿದ್ದೆ. ಐದೂ ಮೂಲೆಗೆ ಹತ್ತಿ ತುಂಬಿ, ಅಂಚಿಗೆ ಜರಿ ಕೊಟ್ಟು. ಗುಬ್ಬಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೆ ಚೀಟಿ ಇಲ್ವಲ್ಲ ಆಂಟಿ" ಅಂದಳು. ತುಂಟತನದಿಂದಲ್ಲ, ನಿಜವಾಗಿಯೂ ಎಲ್ಲಿ ಹಾಕಬೇಕೆಂದು ತಿಳಿಯದೆ. ಕೊನೆಗೆ ಮರದ ಹಿಂದೆ, ಗೋಡೆ ಕಡೆಗೆ ಹೋಯಿತು ಅದು.

ನಿಮ್ಮ ಪಾರ್ಸೆಲ್ಲು ಬಂದದ್ದು ಅದರ ಮಾರನೇ ದಿನ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಅಂಗಡಿಯ ವಿಳಾಸ ಕೊಟ್ಟಿದ್ದೆವಲ್ಲ. ಮೂಲೆ ಸ್ವಲ್ಪ ನಜ್ಜಿತ್ತು, ಒಳಗೆ ನೀರು ಹೋಗಿದ್ದರೆ ಏನು ಗತಿ ಎಂದು ಹೊರಗಿನ ಕಾಗದ ಬಿಚ್ಚಿದೆ. ಅಲ್ಲಿಯವರೆಗೆ ನನ್ನ ಮನಸ್ಸು ಶುದ್ಧವಾಗಿತ್ತು. ಒಳಗೆ ಹಸಿರು ಕಾಗದದಲ್ಲಿ ಉಡುಗೊರೆ. ಒಂದು ತುಣುಕೂ ಗಮ್‌ಟೇಪಿಲ್ಲ, ಬರೀ ಮಡಿಕೆಯ ಮೇಲೆ ನಿಂತಿದೆ, ಮೇಲೊಂದು ರಿಬ್ಬನ್ನು. ನಾನು ಕಟ್ಟಿದ ಉಡುಗೊರೆ ನೋಡಿದರೆ ಮುರಿದ ಕಾಲಿಗೆ ಬ್ಯಾಂಡೇಜು ಸುತ್ತಿದ ಹಾಗಿರುತ್ತದೆ. ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂಬ ಭಯಕ್ಕೆ ಸುತ್ತಿದ್ದೇ ಸುತ್ತಿದ್ದು. ನಾನು ಕೊಟ್ಟದ್ದನ್ನು ಗುಬ್ಬಿ ಕತ್ತರಿ ಹಾಕಿ ತೆಗೆಯುತ್ತಾಳೆ, ನಿಮ್ಮ ಕಾಗದವನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ.

ಒಳಗೂ ನೆನೆದಿದೆಯೇನೋ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ರಿಬ್ಬನ್ನು ಎಳೆದೆ. ಕೆಂಪು ಫ್ರಾಕು. "ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಹಾಸ್ಟೆಲಿನ ಗೆಳತಿಯ ಮಿಶನ್ನಿನಲ್ಲಿ ನಾನೇ ಹೊಲಿದೆ" ಎಂದು ಚೀಟಿ. ಅದನ್ನು ಓದಿ ಮೈಯೆಲ್ಲ ಉರಿಯಿತು. ಮನೆ ನಿಮ್ಮದಾಗಿತ್ತು, ಗುಬ್ಬಿಯ ಅಪ್ಪ ನಿಮ್ಮವರಾಗಿದ್ದರು, ಗುಬ್ಬಿ ಎಂಬ ಹೆಸರೂ ನೀವಿಟ್ಟದ್ದು. ಹೊಲಿಗೆಯೊಂದು ನನ್ನದು ಅಂದುಕೊಂಡಿದ್ದೆ, ಅದಕ್ಕೂ ಬಂದಿರಾ? ನರ್ಸಮ್ಮನಿಗೆ ಸೂಜಿ ಗೊತ್ತು ಸರಿ, ಈ ಸೂಜಿಯೂ ಯಾಕೆ ಬೇಕಿತ್ತು?

ನಾನೂ ಅವಳಿಗೆ ನೀಲಿ ಫ್ರಾಕು ಹೊಲಿದಿಟ್ಟಿದ್ದೆ. ಎರಡನ್ನೂ ಕತ್ತರಿಸುವ ಮೇಜಿನ ಮೇಲೆ ಹಾಸಿದೆ. ನಿಮ್ಮ ಹೊಲಿಗೆ ನೋಡಿ ನಗು ಬಂತು. ಸೊಟ್ಟಗೆ, ಕೆಳಗಿನ ಅಂಚು ಒಂದು ಕಡೆ ಏರು ಒಂದು ಕಡೆ ಇಳಿ. ಟೇಪು ಹಿಡಿದು ಅಳತೆ ನೋಡಿದ ಮೇಲೆ ನಗು ನಿಂತಿತು. ಎದೆ, ಭುಜ, ಉದ್ದ, ಎಲ್ಲ ನನ್ನ ನೀಲಿ ಫ್ರಾಕಿನಷ್ಟೇ, ಒಂದು ನೂಲು ಆಚೀಚೆ ಇಲ್ಲ. ನಾನು ತಿಂಗಳಿಗೊಮ್ಮೆ ಅವಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಅಳೆಯುತ್ತೇನೆ. ನೀವು ರಜೆಯಲ್ಲಿ ಒಂದು ಸಲ ನೋಡುತ್ತೀರಿ. ಹೇಗೆ ಗೊತ್ತಾಯಿತು ನಿಮಗೆ? ಇವತ್ತಿಗೂ ನನ್ನನ್ನು ಕೊರೆಯುವುದು ಅದೇ.

ಆಮೇಲೆ ಮಾಡಿದ್ದನ್ನು ಒಂದೇ ಉಸಿರಿಗೆ ಬರೆಯುತ್ತೇನೆ. ಫ್ರಾಕನ್ನು ಒಳಮಗ್ಗುಲು ತಿರುಗಿಸಿ ಎರಡೂ ಪಕ್ಕ ಒಂದೂವರೆ ಬೆರಳು ಒಳಗೆ ತೆಗೆದುಕೊಂಡು ಹೊಲಿದೆ. ಒಟ್ಟು ಮೂರು ಬೆರಳು ಬಿಗಿ. ಕಂಕುಳನ್ನೂ ಹಿಡಿದೆ. ಯಾರಿಗೂ ಅನುಮಾನ ಬರಬಾರದೆಂದು ನಿಮ್ಮ ಹಾಗೆಯೇ ಸೊಟ್ಟಗೆ ಹೊಲಿದೆ. ಹದಿನಾಲ್ಕು ವರ್ಷ ಮಿಶನ್ ತುಳಿದವಳು, ಸೊಟ್ಟ ಹೊಲಿಯಲು ಅಷ್ಟು ಕಷ್ಟಪಟ್ಟದ್ದು ಅವತ್ತೇ. ಒಳಗೆ ಉಳಿದ ಬಟ್ಟೆಯನ್ನು ಕತ್ತರಿಸಲಿಲ್ಲ. ಕತ್ತರಿ ಕೈಯಲ್ಲೇ ಇತ್ತು, ಯಾಕೋ ಕೆಳಗಿಟ್ಟೆ.

ನಿಮ್ಮ ಹಸಿರು ಕಾಗದವನ್ನು ಇಸ್ತ್ರಿ ಮಾಡಿ, ಹಳೇ ಮಡಿಕೆಯ ಗೆರೆ ಹಿಡಿದು ಮತ್ತೆ ಮಡಿಸಲು ನೋಡಿದೆ. ಒಂಬತ್ತು ಸಲ ಮಡಿಸಿದೆ, ಒಂಬತ್ತು ಸಲವೂ ಬಾಯಿ ಬಿಟ್ಟಿತು. ಕೊನೆಗೆ ಅಡಿಯಲ್ಲಿ, ಉಗುರಿನಷ್ಟು, ಒಂದೇ ಒಂದು ಗಮ್‌ಟೇಪು.

ಕ್ರಿಸ್ಮಸ್ ಬೆಳಿಗ್ಗೆ ಅತ್ತೆ, ನಾದಿನಿ ಎಲ್ಲ ಬಂದಿದ್ದರು. ಗುಬ್ಬಿ ನಿಮ್ಮ ಉಡುಗೊರೆಯನ್ನೇ ಮೊದಲು ಎತ್ತಿಕೊಂಡಳು. ಅಡಿ ತಿರುಗಿಸಿದಾಗ ಆ ಟೇಪು ಕಂಡಿತು. ಟೇಪನ್ನು ನೋಡಿ, ಒಂದು ಸಲ ನನ್ನನ್ನು ನೋಡಿ, ಬಿಚ್ಚಿದಳು. ಫ್ರಾಕು ಎದೆಗೆ ಒತ್ತಿಕೊಂಡು ಕೋಣೆಗೆ ಓಡಿದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ತೊಳೆಯುತ್ತ ಕಾದೆ. ಈಗ ಅಳುತ್ತಾಳೆ, ಈಗ ಬಂದು ನನ್ನ ನೀಲಿ ಫ್ರಾಕು ಕೇಳುತ್ತಾಳೆ ಎಂದು.

ಅಳಲಿಲ್ಲ. ಫ್ರಾಕು ಹಾಕಿಕೊಂಡು, ಅದರ ಮೇಲೆ ಹಳೇ ಸ್ವೆಟರಿನ ಗುಂಡಿಯನ್ನೆಲ್ಲ ಬಿಗಿದು ಹೊರಗೆ ಬಂದಳು. ಕೈ ಎರಡೂ ಬೊಂಬೆಯ ಹಾಗೆ ದೂರ ನಿಂತಿದ್ದವು. ನಾದಿನಿ, "ಏನೇ, ಹೊಸ ಫ್ರಾಕಿಗೆ ಮುಸುಕು? ಜ್ವರಾನಾ?" ಎಂದು ಕಿಚಾಯಿಸಿದರು. "ತೆಗಿಯೇ, ನಿಮ್ಮಮ್ಮನ ಕೈಕೆಲಸ ನೋಡೋಣ" ಎಂದರು ಅತ್ತೆ. "ಚಳಿ ಅಜ್ಜಿ" ಅಂದಳು. ಹಣೆಯ ಮೇಲೆ ಬೆವರು. ಊಟಕ್ಕೆ ಕೂತು ಎರಡು ತುತ್ತಿಗೆ "ಸಾಕು" ಅಂದಳು. ಹೊಟ್ಟೆ ತುಂಬಿದರೆ ಹೊಲಿಗೆ ಬಿಡುತ್ತದೆಂದು ಅವಳಿಗೆ ಗೊತ್ತು, ನನಗೆ ಗೊತ್ತು.

ನನಗೆ ಆಗ ಪಶ್ಚಾತ್ತಾಪ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚು ಹೆಚ್ಚಾಯಿತು. ನೀವು ತಪ್ಪು ಮಾಡಿದಿರಿ ಎಂದು ಯಾರೂ ಅನ್ನಬಾರದೆಂದು ಆ ಮಗು ದಿನವಿಡೀ ಉಸಿರು ಬಿಗಿಹಿಡಿದು ಕೂತಿತು. ಮೈಗೆ ಹೇಳಿ ಮಾಡಿಸಿದಂತಿದ್ದ ನನ್ನ ಫ್ರಾಕು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ನನಗಾಗಿ ಅವಳು ಒಂದು ಗುಂಡಿ ಬಿಗಿಯಾದರೂ ತಡೆದುಕೊಳ್ಳುತ್ತಾಳೆಯೇ?

ಮಾರನೇ ದಿನ ಅಪ್ಪ ಕೆಲಸಕ್ಕೆ ಹೋದದ್ದು ನೋಡಿಕೊಂಡು ನನ್ನ ಹತ್ತಿರ ಬಂದಳು. ಫ್ರಾಕು ಬೆನ್ನ ಹಿಂದೆ. "ಆಂಟಿ, ಇದನ್ನ ಸ್ವಲ್ಪ ದೊಡ್ಡದು ಮಾಡಕ್ಕಾಗತ್ತಾ? ಅಪ್ಪಂಗೆ ಹೇಳ್ಬೇಡಿ. ಅಮ್ಮಂಗಂತೂ ಹೇಳ್ಲೇಬೇಡಿ. ನನ್ನ ಅಳತೆ ಗೊತ್ತಿಲ್ಲ ಅಂತ ಅಳ್ತಾರೆ." ತೋಳೆತ್ತಿ ತೋರಿಸಿದಳು, ಕಂಕುಳಲ್ಲಿ ಕೆಂಪಗೆ ಬರೆ ಎದ್ದಿತ್ತು. ಎರಡು ವರ್ಷದಲ್ಲಿ ಅವಳು ಗುಟ್ಟೆಂದು ನನಗೆ ಹೇಳಿದ್ದು, ನನ್ನಿಂದ ಬೇಕೆಂದು ಕೇಳಿದ್ದು ಅದೇ ಮೊದಲು.

ಬರೆಗೆ ಎಣ್ಣೆ ಸವರಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಹೊಲಿಗೆಯನ್ನೇ ಬಿಚ್ಚಿದೆ. ಅವಳು ನೂಲಿನ ತುಂಡು ಆಯುತ್ತ, "ಇದರ ಆಚೆ ಇನ್ನೊಂದು ಸಾಲು ಹೊಲಿಗೆ ಇದೆಯಲ್ಲ ಆಂಟಿ?" ಅಂದಳು. "ಅಮ್ಮ ಮೊದಲು ಸರಿಯಾಗಿ ಹೊಲಿದು, ಆಮೇಲೆ ಮನಸ್ಸು ಬದಲಾಯಿಸಿರ್ಬೇಕು" ಅಂದೆ. ನೋಡಿ, ಸುಳ್ಳನ್ನೂ ನಿಮ್ಮ ತಲೆಗೇ ಕಟ್ಟಿದೆ.

ಹೋದ ವಾರ ಅಲಂಕಾರದ ಸಾಮಾನೆಲ್ಲ ಮತ್ತೆ ಪೆಟ್ಟಿಗೆಗೆ ತುಂಬುವಾಗ ಗುಬ್ಬಿ ಒಂದು ಹೊಸ ಚೀಟಿ ಬರೆದಳು. "ಬಟ್ಟೆ ನಕ್ಷತ್ರ: ಗಾಜಿನ ಹಕ್ಕಿಯ ಪಕ್ಕ." ನಿಮ್ಮ ಹಾಗೆಯೇ ದುಂಡು ಅಕ್ಷರ. ನನಗೆ ಬೇಕಿದ್ದದ್ದೆಲ್ಲ ಸಿಕ್ಕಿತು. ಅದರ ಹಿಂದೆಯೇ ನಿಮ್ಮ ಪತ್ರ ಬಂತು, ಇನ್ನು ಮೇಲೆ ಬಟ್ಟೆ ನೀವೇ ಹೊಲಿಯಿರಿ ಎಂದು. ಕುಣಿಯಬೇಕಿತ್ತು ನಾನು. ಮಿಶನ್ನಿನ ಮುಂದೆ ಕೂತರೆ ಕಾಲೇ ಓಡಲಿಲ್ಲ. ದೊಡ್ಡ ಟೈಲರು ಎರಡು ಸಲ "ಏನಮ್ಮಾ, ಹುಷಾರಿಲ್ವಾ?" ಎಂದು ಕೇಳಿದರು.

ನೀವು ಹೊಲಿಯುವುದನ್ನು ಬಿಡಬೇಡಿ. ಸೊಟ್ಟಗಾದರೂ ಹೊಲಿಯಿರಿ. ನಿಮ್ಮ ಕಣ್ಣಳತೆ ನನ್ನ ಟೇಪಿನಷ್ಟೇ ಸರಿ ಇದೆ, ಅದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಬರೆಯುತ್ತಿದ್ದೇನೆ. ಈ ಉರಿ ಆರುತ್ತದೆ ಎಂದು ಮಾತು ಕೊಡಲಾರೆ. ಮುಂದಿನ ಪಾರ್ಸೆಲ್ಲನ್ನು ಅಂಗಡಿಗೆ ಕಳಿಸಬೇಡಿ, ಗುಬ್ಬಿಯ ಅಪ್ಪನ ಆಫೀಸಿಗೆ ಕಳಿಸಿ.

ಗುಬ್ಬಿಗೆ ಮಾತ್ರ ಹೇಳಬೇಡಿ, ಕೈಮುಗಿಯುತ್ತೇನೆ. ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿತ್ತು, ಫೋನಿನಲ್ಲಿ ಅವಳು ನನ್ನನ್ನು "ನಮ್ಮ ಆಂಟಿ" ಅಂದಳೆಂದು. ಅದು ಇನ್ನೂ ಹೊಸದು, ಅಕ್ಕಾ. ಒಂದು ಸಲವೂ ನನ್ನ ಕಿವಿಯಾರೆ ಕೇಳಿಲ್ಲ.

ಇಂತಿ,
ನಿಮ್ಮ ಮಗಳಿಗೆ ಆಂಟಿಯಾದವಳು

ಮರೆತ ಮಾತು: ಇದು ಮಂಗಳವಾರ ಬರೆಯುತ್ತಿದ್ದೇನೆ. ನಿಮಗೆ ಕಾಗದ ಹಾಕುತ್ತಿದ್ದೇನೆಂದು ತಿಳಿದು ಗುಬ್ಬಿ, ಕೆಂಪು ಫ್ರಾಕಿನಲ್ಲಿ ತಾನು ನಿಂತ ಚಿತ್ರವನ್ನೂ ಇದರೊಳಗೆ ಇಡುತ್ತೇನೆ ಅಂದಳು. ಲಕೋಟೆಯನ್ನು ಹಾಗೆಯೇ ಅವಳ ಕೈಗೆ ಕೊಟ್ಟು, ಸ್ಕೂಲಿಗೆ ಹೋಗುವಾಗ ಅಂಚೆ ಡಬ್ಬಿಗೆ ಹಾಕು ಎನ್ನುತ್ತೇನೆ. ಓದಬೇಡ ಎನ್ನುವುದಿಲ್ಲ, ಓದು ಎನ್ನುವುದೂ ಇಲ್ಲ. ಎಲ್ಲದಕ್ಕೂ ಸುತ್ತಿ ಸುತ್ತಿ ಟೇಪು ಹಾಕುವವಳು ಇದಕ್ಕೆ ಅಂಟನ್ನೇ ಹಚ್ಚಿಲ್ಲ. ಇದು ನಿಮಗೆ ಅಂಟಿಸಿಕೊಂಡು ಬಂದಿದ್ದರೆ, ಅಂಟಿಸಿದ್ದು ನಾನಲ್ಲ.