ಕಾಫಿ ಹೂವನ್ನು ಹಿಮ ಮಾಡಿದ ಸಾಹೇಬರಿಗೆ

ಮಾನ್ಯರೇ,

ಮೊದಲು ಆ ಮೊಬೈಲು ಪಕ್ಕಕ್ಕಿಟ್ಟು ನೆಟ್ಟಗೆ ಕೂತುಕೊಳ್ಳಿ. ಮಕ್ಕಳ ಪುಸ್ತಕದ ವಿಚಾರ ತಾನೇ ಅಂತ ಮೇಲೆ ಮೇಲೆ ಓದಿ ಮಡಚಿಡೋ ಹಾಗಿಲ್ಲ. ನಮ್ಮ ಕಡೆಯ ಶಾಲೆಗಳಿಗೆ ಚಿತ್ರಪುಸ್ತಕ ಆರಿಸಿ ಕಳಿಸುವ ಘನವಾದ ಕೆಲಸ ತಮ್ಮದಂತೆ. ಆರಿಸುವಾಗ ತೆರೆದು ನೋಡ್ತೀರೋ, ಇಲ್ಲಾ ಅಕ್ಕಿ ಮೂಟೆ ಹಾಗೆ ತೂಕ ಹಾಕಿ ಕಳಿಸ್ತೀರೋ? ತಮ್ಮದೊಂದು ಪುಸ್ತಕ ನಂಬಿ ನನ್ನ ಮೊಮ್ಮಗಳು ಒಂದಿಡೀ ಭಾನುವಾರ ಆನೇಮಹಲಿನ ಬಸ್‌ಸ್ಟಾಪಿನಲ್ಲಿ ಅಮ್ಮನಿಗಾಗಿ ಕಾದು ಕೂತಳು. ಅಮ್ಮ ಬರಲಿಲ್ಲ. ಬರುವವಳೂ ಆಗಿರಲಿಲ್ಲ.

ನನ್ನ ಸೊಸೆ ನೇತ್ರಾವತಿ ಎರಡನೇ ಹೆರಿಗೆಗೆ ಆಲೂರಿನ ತವರಿಗೆ ಹೋಗಿದ್ದಾಳೆ. ಹೆರಿಗೆ, ಬಾಣಂತನ ಎಲ್ಲ ಮುಗಿಸಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ನಮ್ಮಲ್ಲಿ ಪದ್ಧತಿ ಇದೇ. ಮೊಮ್ಮಗಳು ಮೋನಿಕಾ ಒಂದನೇ ಕ್ಲಾಸು, ಶಾಲೆ ತಪ್ಪುತ್ತೆ ಅಂತ ನನ್ನ ಹತ್ತಿರ ಉಳಿದಳು. ಮಗು ಸಪ್ಪಗಿದೆ ಅಂತ ಅವಳ ಮೇಡಂ, ಪಾಪ, ಕಪಾಟಿನಿಂದ ಮನೆಗೆ ಪಾಪು ಬರುವ ಕಥೆ ತೆಗೆದುಕೊಟ್ಟರು. ಒಂದು ಪುಟದಲ್ಲಿ ಅಮ್ಮ ಕಾರು ಹತ್ತಿ ಆಸ್ಪತ್ರೆಗೆ ಹೋಗ್ತಾಳೆ. ಪುಟ ತಿರುಗಿಸಿದರೆ ಊರೆಲ್ಲ ಹಿಮ ಬಿದ್ದು ಬೆಳ್ಳಗಾಗಿದೆ, ಅಮ್ಮ ಕಂಬಳಿ ಸುತ್ತಿದ ಪಾಪು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ! ಎಂಥಾ ಹೆರಿಗೆ ಸಾಹೇಬರೇ ಅದು, ಸಂತೆಗೆ ಹೋಗಿ ಬಂದ ಹಾಗೆ? ನೀರು ಕಾಯಿಸಿದವರು ಯಾರು? ಸಾಂಬ್ರಾಣಿ ಹಾಕಿದವರು ಯಾರು? ಆ ಮನೆಯಲ್ಲೂ ಒಬ್ಬಳು ಅಜ್ಜಿ ಇದ್ದಾಳೆ, ತೂಗುಕುರ್ಚಿಯಲ್ಲಿ ಕೂತು ಉಲ್ಲನ್ ಹೆಣೀತಾ. ಪುಣ್ಯವಂತೆ. ನಾನಿಲ್ಲಿ ಮೆಣಸು ಬಿಡಿಸ್ತಾ ಬಿಡಿಸ್ತಾನೇ ಅವಳ ಕಥೆ ಓದಿ ಹೇಳಬೇಕು.

ಈ ಸಲ ಹೂಮಳೆ ಚೆನ್ನಾಗಿ ಬಿತ್ತು. ವಾರ ಕಳೆದು ಒಂದು ಬೆಳಗ್ಗೆ ನೋಡಿದರೆ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗೆ.

"ಅಜ್ಜೀ, ಎದ್ದೇಳು! ಹಿಮ ಬಿದ್ದೈತೆ!"

"ಕಾಫಿ ಹೂ ಕಣೇ ಅದು. ಮೂಗು ಎಲ್ಲಿಟ್ಟಿದ್ದೀಯ? ಘಮ ಬರ್ತಿಲ್ವಾ?"

"ಅಲ್ಲ, ಹಿಮಾನೇ. ಇವತ್ತು ಅಮ್ಮ ಬರ್ತಾಳೆ."

"ಪಾಪು ಇನ್ನೂ ಹುಟ್ಟೇ ಇಲ್ಲ. ಹೊಟ್ಟೆ ಹೊತ್ಕೊಂಡು ಬರ್ತಾಳಾ?"

"ಪುಸ್ತಕದಲ್ಲಿ ಐತೆ!"

ಹೋದ ವರ್ಷ ಇದೇ ಹುಡುಗಿ ಅದೇ ಹೂ ಕಿತ್ತು ನನ್ನ ಹತ್ತಿರ ಬೈಸಿಕೊಂಡಿದ್ದಳು. ಕಾಫಿ ಹೂ ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಿಮ ಅಂದಳು. ಹೂ ಅಂದರೆ ಅಮ್ಮ ಬರಲ್ಲ, ಹಿಮ ಅಂದರೆ ಬರ್ತಾಳೆ. ತಾವಾಗಿದ್ದರೆ ಯಾವುದು ಅಂತಿದ್ದಿರಿ?

ಆ ಬಿಸಿಲಲ್ಲಿ ಸ್ವೆಟರು, ಮಂಕಿ ಟೋಪಿ ಹಾಕ್ಕೊಂಡು ಬಸ್‌ಸ್ಟಾಪಿಗೆ ನಡೆದುಬುಟ್ಟಳು. ಹಿಂದೆ ನಾನು. ಹಾಸನದ ಕಡೆಯಿಂದ ಆಲೂರಿನ ಮೇಲೆ ಬಂದ ಒಂದೊಂದು ಬಸ್ಸಿಗೂ ಎದ್ದು ನಿಂತಳು. ಕಂಡಕ್ಟರೊಬ್ಬ, "ಏನಜ್ಜೀ, ಮಗೀಗೆ ಚಳಿ ಜ್ವರವಾ?" ಅಂದ. "ಹಿಮ ಬಿದ್ದೈತಲ್ಲಪ್ಪ, ನಿಂಗೆ ಕಾಣಲ್ವಾ? ರೈಟ್ ಹೇಳು, ಹೋಗು" ಅಂದೆ. ಅವನು ನಕ್ಕ. ಇವಳು ನಗಲಿಲ್ಲ. ವಾಪಸ್ ಬರುವಾಗ ಕೇಳಿದಳು: "ಅಜ್ಜಿ, ಅಮ್ಮ ಆ ಪಾಪುನೇ ಇಟ್ಕೊಂಡು ಅಲ್ಲೇ ಇದ್ದುಬುಡ್ತಾಳಾ?" ನಾಲಿಗೆ ಉದ್ದ ಅಂತ ಊರಲ್ಲಿ ನನಗೆ ಹೆಸರು. ಆಗ ಮಾತ್ರ ಅವಳ ಮಂಕಿ ಟೋಪಿ ಬಿಚ್ಚಿ, ಬೆವರು ಒರೆಸಿ, ಸೊಂಟಕ್ಕೆ ಎತ್ತಿಕೊಂಡು ನಡೆದೆ.

ಹಿಮದ ಕಥೆ ಕಳಿಸಬೇಡಿ ಅಂತ ನಾನು ಹೇಳ್ತಿಲ್ಲ. ಮಕ್ಕಳು ಲೋಕವೆಲ್ಲ ನೋಡಲಿ. ಆದರೆ ಅಮ್ಮನಿಗಾಗಿ ಕಾಯುವ ಮಗುವಿಗೆ ಕಾಯೋದನ್ನ ತೋರಿಸುವ ಪುಸ್ತಕ ಬೇಡವೇ? ಅದರಲ್ಲಿ ಅಮ್ಮ ತವರಿಗೆ ಹೋಗಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ಫೋನಿನಲ್ಲಿ ಮುಖ ತೋರಿಸಲಿ, ಮಗು ಕೋಪ ಮಾಡಿಕೊಂಡು ಮಾತಾಡದೆ ಓಡಿಹೋಗಲಿ. ಕಾಫಿ ಹೂ ಉದುರಲಿ, ಹಸಿರು ಕಾಯಿ ಕಟ್ಟಲಿ, ಮಳೆ ಹಿಡಿಯಲಿ, ಕಾಲಿಗೆ ಜಿಗಣೆ ಹತ್ತಲಿ. ಅಷ್ಟೂ ಪುಟ ತಿರುಗಿಸಿದ ಮೇಲೆ ಅಮ್ಮ ಬರಲಿ. ತಡವಾಗಿಯಾದರೂ ಬಂದೇ ಬರಲಿ.

ಅಂಥ ಪುಸ್ತಕ ಇದ್ದರೆ ಹುಡುಕಿಸಿ, ಇಲ್ಲದಿದ್ದರೆ ಬರೆಸಿ. "ಪರಿಶೀಲಿಸಲಾಗುವುದು" ಅನ್ನೋ ಕಾಗದ ಮಾತ್ರ ಬೇಡ, ಅದನ್ನ ಮಗುವಿಗೆ ಓದಿ ಹೇಳೋಕಾಗಲ್ಲ. ಡಾಕ್ಟರು ಸೊಸೆಗೆ ಮುಂದಿನ ತಿಂಗಳು ಅಂದಿದ್ದಾರೆ. ಪಾಪು ತಮ್ಮ ಮೀಟಿಂಗಿಗೆ ಕಾಯಲ್ಲ. ಈ ತಿಂಗಳು ಮುಗಿಯೋದರೊಳಗೆ ಉತ್ತರ ಕಳಿಸಿ.

ಇಂತಿ,
ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಈಗ ಮತ್ತೆ ಒಂದನೇ ಕ್ಲಾಸಿಗೆ ಕೂತಿರುವ
ಬಸಮ್ಮ, ಆನೇಮಹಲ್